‘ಸೆಲ್ಫ್’ ತಗೊಳ್ತಿಲ್ಲವೇ? ಬಿಚ್ಚುವ ಮೊದಲು ಅಳೆದು ನೋಡಿ

ಕೀಲಿ ತಿರುಗಿಸುತ್ತೀರಿ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿವೆ, ಹಾರ್ನ್ ಜೋರಾಗಿಯೇ ಕೂಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ಬಾನೆಟ್ ಒಳಗಿಂದ ‘ಟಕ್’ ಎಂದು ಒಂದು ಸದ್ದು, ಅಷ್ಟೆ. ಪಕ್ಕದ ಮನೆಯವರು ಬಂದು ನೋಡಿ, "ಸೆಲ್ಫ್ ಹೋಗಿದೆ ಕಣ್ರೀ" ಎನ್ನುತ್ತಾರೆ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿಸುತ್ತಾರೆ. ಕಾರು ಗ್ಯಾರೇಜಿಗೆ ಹೋಗುತ್ತದೆ, ಹೊಸ ಸ್ಟಾರ್ಟರ್ ಮೋಟಾರು ಬೀಳುತ್ತದೆ, ಸಾವಿರಾರು ರೂಪಾಯಿ ಬಿಲ್ಲಾಗುತ್ತದೆ. ಕೆಲವು ದಿನ ಕಳೆದ ಮೇಲೆ ಮತ್ತೆ ಅದೇ ‘ಟಕ್’.

ಹೀಗಾಗುವುದಕ್ಕೆ ಕಾರಣ ಸರಳ. ಕೆಟ್ಟಿದ್ದು ಸೆಲ್ಫ್ ಮೋಟಾರೇ ಅಲ್ಲ. ಬ್ಯಾಟರಿಯ ಟರ್ಮಿನಲ್ಲಿಗೆ ಹತ್ತಿದ ಬಿಳಿ-ಹಸಿರು ಪುಡಿಯೋ, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ವೈರಿನ ತುಕ್ಕು ಹಿಡಿದ ಬೋಲ್ಟೋ ನಿಜವಾದ ಅಪರಾಧಿ. ಸ್ಟಾರ್ಟರಿನ ವಿಷಯದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ಅಳೆಯದೆ ಬಿಚ್ಚಬೇಡಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸಹಾಯಕ್ಕೆ ಮನೆಯ ಇನ್ನೊಬ್ಬರು, ಒಂದು ಗಂಟೆ ಬಿಡುವು ಇದ್ದರೆ ದೋಷ ಎಲ್ಲಿದೆಯೆಂದು ಮನೆಯ ಮುಂದೆಯೇ ಕಂಡುಹಿಡಿಯಬಹುದು. ಅದು ನಿಜಕ್ಕೂ ಮೋಟಾರಿನೊಳಗೇ ಇದ್ದರೆ, ಬಹಳಷ್ಟು ಸಲ ಕೆಲವೇ ನೂರು ರೂಪಾಯಿಯ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತುಂಡು) ಹಾಕಿದರೆ ಮುಗಿಯುತ್ತದೆ.

ಕೀಲಿ ತಿರುಗಿಸಿದಾಗ ಒಳಗೆ ಆಗುವುದೇನು?

ಹಿಂದೆ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ತಪ್ಪಿತು. ನಮ್ಮ ಅಂಬಾಸಿಡರ್‌ನಲ್ಲಂತೂ ಹ್ಯಾಂಡಲ್ ಬಹಳ ವರ್ಷ ಜೊತೆಗೇ ಇತ್ತು. ಈಗಿನ ಕಾರುಗಳಲ್ಲಿ ಆ ದಾರಿಯೇ ಇಲ್ಲ.

ಸ್ಟಾರ್ಟರಿನಲ್ಲಿ ಎರಡು ಭಾಗ. ದಪ್ಪನೆಯ ದುಂಡು ಡಬ್ಬಿಯಂತಿರುವುದು ಮೋಟಾರು. ಅದರ ಬೆನ್ನಿಗೆ ಅಂಟಿಕೊಂಡ ಚಿಕ್ಕದು ಸೊಲೆನಾಯ್ಡ್. ಕೀಲಿಯಿಂದ ಸಣ್ಣ ವೈರಿನಲ್ಲಿ ಬಂದ ಕರೆಂಟು ಸೊಲೆನಾಯ್ಡಿನ ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ. ಅದು ಒಳಗಿನ ಕಬ್ಬಿಣದ ಪ್ಲಂಜರನ್ನು ಎಳೆದುಕೊಳ್ಳುತ್ತದೆ. ಆ ಒಂದು ಎಳೆತದಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ಫೋರ್ಕ್ ಎಂಬ ಸನ್ನೆ ಪಿನಿಯನ್ ಗೇರನ್ನು ಮುಂದಕ್ಕೆ ತಳ್ಳಿ ಫ್ಲೈವೀಲಿನ ರಿಂಗ್ ಗೇರಿಗೆ ಕೂಡಿಸುತ್ತದೆ. ಎರಡು, ಪ್ಲಂಜರಿನ ಹಿಂದಿನ ತಾಮ್ರದ ಬಿಲ್ಲೆ ಎರಡು ತಾಮ್ರದ ಕಾಂಟ್ಯಾಕ್ಟುಗಳ ಮೇಲೆ ಕೂತು, ಬ್ಯಾಟರಿಯ ಪೂರ್ಣ ಕರೆಂಟನ್ನು ಮೋಟಾರಿಗೆ ಬಿಡುತ್ತದೆ. ‘ಟಕ್’ ಎಂದು ಕೇಳಿಸುವುದು ಇದೇ.

ಪಿನಿಯನ್ನಿಗೆ ಹತ್ತರ ಆಸುಪಾಸು ಹಲ್ಲು, ರಿಂಗ್ ಗೇರಿಗೆ ನೂರಕ್ಕೂ ಹೆಚ್ಚು. ಪಿನಿಯನ್ ಹತ್ತು-ಹದಿನೈದು ಸುತ್ತು ಸುತ್ತಿದರೆ ಎಂಜಿನ್ ಒಂದು ಸುತ್ತು. ಹೀಗೆ ನಿಮಿಷಕ್ಕೆ ಸುಮಾರು 200 ಸುತ್ತು ಸಿಕ್ಕರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಹೊತ್ತಿದ ಕ್ಷಣವೇ ಅದು ಮೋಟಾರಿಗಿಂತ ಎಷ್ಟೋ ಪಾಲು ವೇಗವಾಗಿ ಓಡುವುದರಿಂದ, ಮೋಟಾರು ಚೂರಾಗದಂತೆ ಕಾಪಾಡಲು ಪಿನಿಯನ್ನಿನ ಹಿಂದೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಗ್ಯಾರೇಜಿನಲ್ಲಿ ‘ಬೆಂಡಿಕ್ಸ್’ ಎನ್ನುವುದು ಇದಕ್ಕೆ.

ದೀಪ ಹೊತ್ತುತ್ತದೆ, ಸೆಲ್ಫ್ ಏಕಿಲ್ಲ?

ಮನೆಯಲ್ಲಿ ಪತ್ತೆ ಮಾಡುವ ವಿದ್ಯೆಯೆಲ್ಲ ಈ ಒಂದು ಪ್ರಶ್ನೆಯ ಉತ್ತರದಲ್ಲಿದೆ. ಹಾಗಾಗಿ ಸ್ವಲ್ಪ ನಿಂತು ನೋಡೋಣ.

55 ವ್ಯಾಟಿನ ಎರಡು ಹೆಡ್‌ಲೈಟ್‌ಗಳಿಗೆ ಸುಮಾರು 9 ಆಂಪಿಯರ್ ಕರೆಂಟು ಸಾಕು. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಎಳೆಯುವುದು 100ರಿಂದ 200 ಆಂಪಿಯರ್. ಡೀಸೆಲ್ ಆದರೆ ಇನ್ನೂ ಹೆಚ್ಚು. ಈಗ ಬ್ಯಾಟರಿ ಕ್ಲ್ಯಾಂಪಿನ ಒಳಮೈಗೆ ತೆಳುವಾಗಿ ಪುಡಿ ಹಿಡಿದು, ಅಲ್ಲಿ ಬರೀ 0.02 ಓಮ್ ಅಡ್ಡಿ ಬಂದಿದೆ ಅಂದುಕೊಳ್ಳಿ. ಹೆಡ್‌ಲೈಟಿನ 9 ಆಂಪಿಯರ್ ಅದರ ಮೂಲಕ ಹಾಯುವಾಗ ನಷ್ಟವಾಗುವುದು 0.18 ವೋಲ್ಟ್, ಬೆಳಕಿನಲ್ಲಿ ವ್ಯತ್ಯಾಸವೇ ಕಾಣದು. ಅದೇ ಜಾಗದಲ್ಲಿ ಸ್ಟಾರ್ಟರಿನ 150 ಆಂಪಿಯರ್ ಹಾಯಬೇಕಾದರೆ 3 ವೋಲ್ಟ್ ಅಲ್ಲೇ ಖರ್ಚು. ತೋಟದ ಪೈಪಿನಲ್ಲಿ ಅರ್ಧ ಕಸ ಕಟ್ಟಿದಾಗ ನಲ್ಲಿಯಲ್ಲಿ ನೀರು ಚೆನ್ನಾಗಿಯೇ ಬರುತ್ತದೆ, ಸ್ಪ್ರಿಂಕ್ಲರ್ ಮಾತ್ರ ತಿರುಗುವುದಿಲ್ಲವಲ್ಲ, ಹಾಗೆ. ಆದ್ದರಿಂದ "ಲೈಟ್ ಉರೀತಿದೆ, ಬ್ಯಾಟರಿ ಚೆನ್ನಾಗಿದೆ" ಎಂಬ ಮಾತನ್ನು ನಂಬಬೇಡಿ. ಸ್ಟಾರ್ಟರಿನ ದಾರಿಯನ್ನು ಸ್ಟಾರ್ಟರ್ ಎಳೆಯುತ್ತಿರುವಾಗಲೇ ಅಳೆಯಬೇಕು. ಸುಮ್ಮನಿರುವಾಗ ಅಳೆದರೆ ತುಕ್ಕು ಹಿಡಿದ ಕೇಬಲ್ಲೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ.

ಕೈ ಹಾಕುವ ಮೊದಲು

1. ಗೇರ್ ನ್ಯೂಟ್ರಲ್‌ನಲ್ಲಿರಲಿ (ಆಟೊಮ್ಯಾಟಿಕ್ ಆದರೆ ‘ಪಿ’ಯಲ್ಲಿ), ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಸ್ಟಾರ್ಟರಿಗೆ ಇಡೀ ಕಾರನ್ನು ಮುಂದಕ್ಕೆ ನೆಗೆಸುವಷ್ಟು ಶಕ್ತಿಯಿದೆ.

2. ಬ್ಯಾಟರಿಯಿಂದ ಸ್ಟಾರ್ಟರಿಗೆ ಬರುವ ದಪ್ಪ ಕೇಬಲ್ಲಿನಲ್ಲಿ ಕೀಲಿ ತೆಗೆದಿದ್ದರೂ ಕರೆಂಟು ಇರುತ್ತದೆ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಫ್ಯೂಸೂ ಇಲ್ಲ. ಸ್ಪ್ಯಾನರು ಅಲ್ಲಿಂದ ಬಾಡಿಗೆ ತಗುಲಿದರೆ ಕೆಂಪಗೆ ಕಾಯುತ್ತದೆ. ಕೈಯ ಉಂಗುರ, ಲೋಹದ ವಾಚ್ ತೆಗೆದಿಡಿ.

3. ಯಾವ ನಟ್ಟು ಬಿಚ್ಚುವುದಿದ್ದರೂ ಮೊದಲು ಬ್ಯಾಟರಿಯ ಮೈನಸ್ ಕಳಚಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ಇಡೀ ಬಾಡಿಯೇ ಮೈನಸ್. ಪ್ಲಸ್ ಮೊದಲು ಬಿಚ್ಚಹೊರಟರೆ ಸ್ಪ್ಯಾನರು ಅಕ್ಕಪಕ್ಕದ ತಗಡಿಗೆ ತಾಕಿದ ಕೂಡಲೆ ಶಾರ್ಟ್ ಆಗುತ್ತದೆ. ಮೈನಸ್ ಮೊದಲೇ ಕಳಚಿದ್ದರೆ ಆ ಭಯವಿಲ್ಲ.

4. ಕೆಳಗೆ ನುಸುಳಬೇಕಾದ ಕಾರಾದರೆ ಬರೀ ಜಾಕಿ ನಂಬಿ ಎಂದೂ ಮಲಗಬೇಡಿ. ಸಮತಟ್ಟು ನೆಲದಲ್ಲಿ ಜಾಕ್ ಸ್ಟ್ಯಾಂಡ್ ಇಟ್ಟ ಮೇಲೆಯೇ ಒಳಗೆ ಹೋಗಿ. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡ. ಅವು ಸುಳಿವು ಕೊಡದೆ ಸಿಡಿದುಹೋಗುತ್ತವೆ.

5. ನಿಮ್ಮದು ಸ್ಟ್ರಾಂಗ್ ಹೈಬ್ರಿಡ್ ಕಾರಾಗಿದ್ದರೆ ಈ ಲೇಖನ ನಿಮಗಲ್ಲ. ಅದರಲ್ಲಿ ಇಂಥ ಸ್ಟಾರ್ಟರ್ ಇರುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಮುಟ್ಟಬೇಡಿ.

6. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಯಲ್ಲಿ ಎಂಜಿನ್ ಆಫ್ ಆಗಿ, ಈಗ ‘ಟಕ್’ ಎಂದು ನಿಂತುಬಿಡುತ್ತಿದೆಯೇ? ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನೊಳಗೆ ನೀರು ಹೋಗಿರಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟೋ ಮಾಡಿಸಿ ಮೆಕ್ಯಾನಿಕ್ ಬಳಿ ಒಯ್ಯಿರಿ.

ಕಿವಿಗೊಟ್ಟು ಕೇಳಿ

ಒಬ್ಬರು ಕೀಲಿ ತಿರುಗಿಸಲಿ, ನೀವು ಬಾನೆಟ್ ಎತ್ತಿ ಪಕ್ಕದಲ್ಲಿ ನಿಲ್ಲಿ. ಹೆಡ್‌ಲೈಟ್ ಹಾಕಿರಲಿ. ಯಾವ ಸದ್ದು ಬಂತು, ಆಗ ಬೆಳಕು ಏನಾಯಿತು ಎಂಬ ಎರಡೇ ಸಂಗತಿ ಅರ್ಧ ಕತೆ ಹೇಳುತ್ತವೆ.

‘ಟಕ ಟಕ ಟಕ’ ಎಂದು ಮಷಿನ್ನಿನಂತೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಸೊಲೆನಾಯ್ಡ್ ಎಳೆಯುತ್ತದೆ, ಮೋಟಾರಿಗೆ ಕರೆಂಟು ಹರಿದ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ, ಪ್ಲಂಜರನ್ನು ಹಿಡಿದಿಡುವ ಶಕ್ತಿಯಿಲ್ಲದೆ ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಈ ಸದ್ದು ಕೇಳಿ ಸ್ಟಾರ್ಟರ್ ಬಿಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದೇ ‘ಟಕ್’, ಬೆಳಕು ಹಾಗೆಯೇ ಇದೆ: ಪ್ಲಂಜರ್ ಹೋಯಿತು, ಮೋಟಾರಿಗೆ ಕರೆಂಟು ಹೋಗಲಿಲ್ಲ. ಸೊಲೆನಾಯ್ಡಿನ ಕಾಂಟ್ಯಾಕ್ಟು ಸುಟ್ಟಿದೆ ಅಥವಾ ಕಾರ್ಬನ್ ಬ್ರಷ್ ಸವೆದಿದೆ. ಇದೇ ‘ಟಕ್’ಗೆ ಬೆಳಕು ಪೂರ್ತಿ ನಂದಿದರೆ ಬ್ಯಾಟರಿ, ಟರ್ಮಿನಲ್ಲುಗಳನ್ನು ನೋಡಿ, ಅವು ಸರಿಯಿದ್ದರೆ ಮೋಟಾರೋ ಎಂಜಿನ್ನೋ ಜಾಮ್ ಆಗಿದೆ.

ಏನೂ ಸದ್ದಿಲ್ಲ, ಬೆಳಕೂ ಬದಲಾಗಲಿಲ್ಲ: ಸಣ್ಣ ವೈರಿನ ದಾರಿಯಲ್ಲಿ ತೊಂದರೆ. ಫ್ಯೂಸು, ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಪೆಡಲಿನ ಸ್ವಿಚ್, ಆಟೊಮ್ಯಾಟಿಕ್‌ನಲ್ಲಿ ಗೇರ್ ಸ್ವಿಚ್, ಇಮ್ಮೊಬಿಲೈಸರ್ ಇವುಗಳಲ್ಲಿ ಯಾವುದೂ ಆಗಬಹುದು. ಆಟೊಮ್ಯಾಟಿಕ್ ಕಾರಿನಲ್ಲಿ ‘ಪಿ’ ಬದಲು ‘ಎನ್’ಗೆ ಹಾಕಿ ಒಮ್ಮೆ ನೋಡಿ.

ಮೋಟಾರು ಕೊಂಯ್ಯೆಂದು ತಿರುಗುತ್ತದೆ, ಎಂಜಿನ್ ಅಲುಗದು: ಬೆಂಡಿಕ್ಸ್ ಜಾರುತ್ತಿದೆ ಅಥವಾ ಫೋರ್ಕ್ ಮುರಿದಿದೆ. ಕರಕರನೆ ಹಲ್ಲು ಕಡಿದ ಸದ್ದು ಬಂದರೆ ಪಿನಿಯನ್ನಿನದೋ ರಿಂಗ್ ಗೇರಿನದೋ ಹಲ್ಲು ಸವೆದಿದೆ. ಈ ಸದ್ದನ್ನು ಕಡೆಗಣಿಸಿ ಓಡಿಸಬೇಡಿ. ಪಿನಿಯನ್ ಅಗ್ಗದ್ದು, ರಿಂಗ್ ಗೇರ್ ಬದಲಿಸಬೇಕಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕು.

ಕೀಲಿ ಬಿಟ್ಟರೂ ಸ್ಟಾರ್ಟರ್ ನಿಲ್ಲದಿದ್ದರೆ ಕಾಂಟ್ಯಾಕ್ಟುಗಳು ಬೆಸೆದುಕೊಂಡಿವೆ ಅಥವಾ ಸ್ವಿಚ್ ಸಿಕ್ಕಿಕೊಂಡಿದೆ. ಆ ಕ್ಷಣವೇ ಬ್ಯಾಟರಿಯ ಮೈನಸ್ ಕಳಚಿ. ತಡವಾದರೆ ಬೆಂಕಿಯೇ ಏಳಬಹುದು.

ಇನ್ನು ಎಂಜಿನ್ ಎಂದಿನಂತೆ ಚುರುಕಾಗಿ ತಿರುಗುತ್ತಿದ್ದು ಹೊತ್ತಿಕೊಳ್ಳದಿದ್ದರೆ, ಸ್ಟಾರ್ಟರ್ ತನ್ನ ಕೆಲಸ ಮಾಡಿದೆ. ಪೆಟ್ರೋಲು, ಸ್ಪಾರ್ಕು, ಸೆನ್ಸರುಗಳ ಕಡೆ ಹೋಗಿ.

ಮೊದಲು ಬ್ಯಾಟರಿ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ತುದಿಗಳಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿದ ಮೇಲೆಯೇ ಮುಂದಿನ ಪರೀಕ್ಷೆ.

ಕ್ಲ್ಯಾಂಪುಗಳನ್ನು ಕಳಚಿ ಒಳಮೈ ನೋಡಿ. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಕಪ್ಪಾಗಿರುವುದುಂಟು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ತಿಂಗಳುಗಟ್ಟಲೆ ತೇವದಲ್ಲಿ ನಿಲ್ಲುವ ಕಾರುಗಳಿಗೆ ಇದು ವರ್ಷಕ್ಕೊಮ್ಮೆ ಬರುವ ಕಾಯಿಲೆ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ, ಉಪ್ಪುಕಾಗದದಿಂದ ಕಂಬ ಮತ್ತು ಕ್ಲ್ಯಾಂಪಿನ ಒಳಗನ್ನು ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಬಿಗಿದ ಕ್ಲ್ಯಾಂಪನ್ನು ಕೈಯಿಂದ ತಿರುಚಿದರೆ ಅಲುಗಬಾರದು.

ಎಷ್ಟೋ ಕಾರುಗಳ ‘ಸೆಲ್ಫ್ ಸಮಸ್ಯೆ’ ಇಲ್ಲಿಗೇ ಮುಗಿಯುತ್ತದೆ.

ನಾಲ್ಕು ಅಳತೆಗಳು

ಎಂಜಿನ್ ಹೊತ್ತಿಕೊಳ್ಳದಂತೆ ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದಿಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಪ್ರತಿ ಸಲ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಮೀಟರಿನ ವೈರುಗಳು ಫ್ಯಾನಿಗೆ, ಬೆಲ್ಟಿಗೆ ಸಿಗದಂತಿರಲಿ.

ಅಳತೆ 1. ಬ್ಯಾಟರಿಯ ಎರಡು ತುದಿಗೆ ಮೀಟರ್. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಇಳಿಯಿತೆಂದರೆ ಅದರ ಆಯುಸ್ಸು ಮುಗಿದಿರಬಹುದು, ಅಥವಾ ಮೋಟಾರು ಅತಿಯಾಗಿ ಎಳೆಯುತ್ತಿರಬಹುದು. ಇನ್ನೊಂದು ಒಳ್ಳೆಯ ಬ್ಯಾಟರಿ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಬದಲಾಗಿ ‘ಟಕ್’ ಎಂದ ಮೇಲೂ 12ರ ಮೇಲೆಯೇ ನಿಂತಿದೆಯೇ? ಮೋಟಾರು ಕರೆಂಟನ್ನೇ ತೆಗೆದುಕೊಂಡಿಲ್ಲ, ದಾರಿ ಎಲ್ಲೋ ಕಡಿದಿದೆ.

ಅಳತೆ 2. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ (ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ), ಕಪ್ಪು ಕಡ್ಡಿ ಸ್ಟಾರ್ಟರಿಗೆ ದಪ್ಪ ಕೇಬಲ್ ಬಂದು ಸೇರುವ ಬೋಲ್ಟಿನ ಮೇಲೆ. ಕೆಲವು ಸ್ಟಾರ್ಟರುಗಳಲ್ಲಿ ಅಲ್ಲಿ 30 ಎಂಬ ಗುರುತಿರುತ್ತದೆ. ಸೆಲ್ಫ್ ಹೊಡೆದಾಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಅರ್ಧ ವೋಲ್ಟ್ ದಾಟಿದರೆ ಕೇಬಲ್ ಅಥವಾ ಅದರ ತುದಿಗಳು ಕೆಟ್ಟಿವೆ.

ಅಳತೆ 3. ಕೆಂಪು ಕಡ್ಡಿ ಸ್ಟಾರ್ಟರಿನ ಲೋಹದ ಮೈಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ. ನಾನು ಅತಿ ಹೆಚ್ಚು ಬೆಲೆ ಕೊಡುವ ಅಳತೆ ಇದು, ಏಕೆಂದರೆ ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಎಂಜಿನ್ನು ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಬಾಡಿಗೂ ಅದಕ್ಕೂ ವಿದ್ಯುತ್ ಸಂಬಂಧ ಕೊಡುವುದು ಒಂದು ಹೆಣೆದ ಪಟ್ಟಿ ಅಥವಾ ಕಪ್ಪು ವೈರು ಮಾತ್ರ. ಗೇರ್‌ಬಾಕ್ಸ್ ಕೆಲಸವಾದ ಮೇಲೆ ಅದನ್ನು ಹಾಕಲು ಮರೆತ ಕಾರುಗಳುಂಟು. ಬೋಲ್ಟು ಬಿಚ್ಚಿ, ಕೆಳಗಿನ ಪೇಂಟು-ತುಕ್ಕು ಉಜ್ಜಿ, ಬಿಗಿದು ಮತ್ತೆ ಅಳೆಯಿರಿ.

ಅಳತೆ 4. ಸೊಲೆನಾಯ್ಡಿಗೆ ಬರುವ ಸಣ್ಣ ವೈರಿನ ತುದಿ (ಗುರುತು 50) ಮತ್ತು ಸ್ಟಾರ್ಟರಿನ ಮೈ. ಕೀಲಿ ತಿರುಗಿಸಿದಾಗ ಇಲ್ಲಿ ಬ್ಯಾಟರಿಯಲ್ಲಿ ಆಗ ಇರುವ ವೋಲ್ಟೇಜಿಗೆ ಹತ್ತಿರದ ಅಂಕಿ ಬರಬೇಕು. ಅದಕ್ಕಿಂತ ಒಂದು ವೋಲ್ಟಿಗೂ ಮೀರಿ ಕಡಿಮೆಯಾದರೆ ಸ್ವಿಚ್ಚು ಅಥವಾ ರಿಲೇಯ ಕಾಂಟ್ಯಾಕ್ಟು ಸವೆದಿದೆ. ಏನೂ ಬರದಿದ್ದರೆ ಫ್ಯೂಸಿನಿಂದ ಶುರುಮಾಡಿ. ಪೆಟ್ಟಿಗೆಯಲ್ಲಿ ಅದೇ ಅಳತೆಯ, ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದು ಸುಲಭದ ಪರೀಕ್ಷೆ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿನ ಮೇಲೆ ಇಲಿ ಬಂದು ಮಲಗುವ ಊರುಗಳಲ್ಲಿ, ವೈರನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಕಡಿದ ಜಾಗ ಬಹಳ ಸಲ ಪ್ಲಾಸ್ಟಿಕ್ ಕೊಳವೆಯ ಬಾಯಲ್ಲೇ ಸಿಗುತ್ತದೆ.

ನಾಲ್ಕೂ ಸರಿಯಿದ್ದು ಮೋಟಾರು ಮಾತ್ರ ಸತ್ತಂತಿದ್ದರೆ, ಸೊಲೆನಾಯ್ಡಿನಿಂದ ಮೋಟಾರಿನೊಳಗೆ ಇಳಿಯುವ ಇನ್ನೊಂದು ದಪ್ಪ ಬೋಲ್ಟಿದೆಯಲ್ಲ, ಅಲ್ಲಿ ಅಳೆಯಿರಿ. ‘ಟಕ್’ ಎಂದಾಗಲೂ ಅಲ್ಲಿ ವೋಲ್ಟೇಜ್ ಇಲ್ಲವೆಂದರೆ ಸೊಲೆನಾಯ್ಡಿನ ಕಾಂಟ್ಯಾಕ್ಟು ಹೋಗಿದೆ. ವೋಲ್ಟೇಜ್ ಪೂರ್ತಿ ಇದ್ದೂ ಮೋಟಾರು ತಿರುಗದಿದ್ದರೆ ಬ್ರಷ್ಷು ಅಥವಾ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಕೆಟ್ಟಿದೆ. ಈಗ ನೀವು ಧೈರ್ಯವಾಗಿ ಹೇಳಬಹುದು, ಸೆಲ್ಫ್ ಹೋಗಿದೆ ಎಂದು.

ಇಳಿಸುವುದು

ಮೈನಸ್ ಕಳಚಿ. ಸ್ಟಾರ್ಟರ್ ಇರುವುದು ಎಂಜಿನ್ನು-ಗೇರ್‌ಬಾಕ್ಸು ಕೂಡುವ ಜಾಗದಲ್ಲಿ. ಕೆಲವು ಕಾರುಗಳಲ್ಲಿ ಬ್ಯಾಟರಿ, ಏರ್ ಫಿಲ್ಟರ್ ಡಬ್ಬಿ ತೆಗೆದರೆ ಮೇಲಿನಿಂದಲೇ ಕೈಗೆಟುಕುತ್ತದೆ. ಕೆಲವದರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಹೂತಿರುತ್ತದೆ. ಅಂಥದ್ದನ್ನು ಮೊದಲ ಪ್ರಯತ್ನಕ್ಕೆ ಆರಿಸಿಕೊಳ್ಳದಿರುವುದೇ ಜಾಣತನ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಸಣ್ಣ ವೈರಿನ ಕ್ಲಿಪ್ ಒತ್ತಿ ತೆಗೆಯಿರಿ, ಎಳೆಯಬೇಡಿ. ದಪ್ಪ ಕೇಬಲ್ಲಿನ ನಟ್ಟು ಬಿಗಿಯಾಗಿದ್ದರೆ ಬಲ ಹಾಕುವ ಬದಲು ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಯಿರಿ. ಆ ಬೋಲ್ಟು ಕೂತಿರುವುದು ಬೇಕಲೈಟ್ ಮುಚ್ಚಳದಲ್ಲಿ. ಬೋಲ್ಟೇ ತಿರುಗಿಬಿಟ್ಟರೆ ಮುಚ್ಚಳ ಸೀಳಿ ಸೊಲೆನಾಯ್ಡ್ ದಂಡ. ಆಮೇಲೆ ಸ್ಟಾರ್ಟರನ್ನು ಹಿಡಿದ ಎರಡು (ಕೆಲವದರಲ್ಲಿ ಮೂರು) ದೊಡ್ಡ ಬೋಲ್ಟು. ಕೊನೆಯ ಬೋಲ್ಟು ಬಿಡಿಸುವಾಗ ಒಂದು ಕೈ ಅಡಿಯಲ್ಲಿರಲಿ. ಕೈಯಳತೆಯ ವಸ್ತುವಾದರೂ ಅದರ ತೂಕ ಅಂದಾಜಿಗೆ ಸಿಗುವುದಿಲ್ಲ.

ಸ್ಟಾರ್ಟರ್ ಹೊರಬಂದಾಗ ಆ ರಂಧ್ರದಲ್ಲಿ ಟಾರ್ಚ್ ಹಾಕಿ ರಿಂಗ್ ಗೇರನ್ನು ನೋಡಿ. ಎಂಜಿನ್ ನಿಲ್ಲುವಾಗ ಸಾಮಾನ್ಯವಾಗಿ ಕೆಲವೇ ನಿರ್ದಿಷ್ಟ ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಅಲ್ಲೇ. ಹಾಗಾಗಿ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಒಂದು ಪೂರ್ತಿ ಸುತ್ತು ತಿರುಗಿಸುತ್ತ ಎಲ್ಲ ಹಲ್ಲುಗಳನ್ನೂ ನೋಡಬೇಕು.

ಮೇಜಿನ ಮೇಲೆ ಪರೀಕ್ಷೆ

ಸ್ಟಾರ್ಟರನ್ನು ವೈಸಿನಲ್ಲಿ ಅದರ ಫ್ಲ್ಯಾಂಜ್ ಹಿಡಿಸಿ ಕೂರಿಸಿ. ದುಂಡು ಮೈಯನ್ನು ಹಿಡಿಸಿ ಬಿಗಿಯಬೇಡಿ. ಈಗಿನ ಹೆಚ್ಚಿನ ಮೋಟಾರುಗಳೊಳಗೆ ಅಂಟಿಸಿದ ಅಯಸ್ಕಾಂತಗಳಿರುತ್ತವೆ, ಒತ್ತಡಕ್ಕೆ, ಸುತ್ತಿಗೆಯ ಏಟಿಗೆ ಅವು ಗಾಜಿನಂತೆ ಒಡೆಯುತ್ತವೆ. ಜಂಪರ್ ಕೇಬಲ್ಲಿನಿಂದ ಮೈನಸ್ಸನ್ನು ಮೈಗೆ, ಪ್ಲಸ್ಸನ್ನು 30ಕ್ಕೆ ಕೊಟ್ಟು, ಪ್ಲಸ್ಸಿನಿಂದ ಒಂದು ತುಂಡು ವೈರನ್ನು 50ಕ್ಕೆ ಮುಟ್ಟಿಸಿ. ಪಿನಿಯನ್ ಚಟ್ಟನೆ ಮುಂದೆ ಬಂದು ಭರ್ರನೆ ತಿರುಗಬೇಕು. ತಿರುಗುವ ಕ್ಷಣದಲ್ಲಿ ಇಡೀ ಮೋಟಾರು ತಿರುಚಿಕೊಂಡು ನೆಗೆಯುತ್ತದೆ, ಆದ್ದರಿಂದ ಕೈಯಲ್ಲಿ ಹಿಡಿದು ಈ ಪರೀಕ್ಷೆ ಮಾಡಬಾರದು. ಮೂರು ನಾಲ್ಕು ಸೆಕೆಂಡು ಸಾಕು.

ಮೇಜಿನ ಮೇಲೆ ಚೆನ್ನಾಗಿ ತಿರುಗಿತೆಂದರೆ ಸ್ಟಾರ್ಟರ್ ಒಳ್ಳೆಯದೆಂದು ಅರ್ಥವಲ್ಲ. ಇಲ್ಲಿ ಅದಕ್ಕೆ ಭಾರವಿಲ್ಲ. ಸವೆದ ಬ್ರಷ್ಷೂ ಬರಿಗೈಯಲ್ಲಿ ಓಡುತ್ತದೆ.

ಒಳಗೆ ನೋಡುವುದು

ಹಿಂದಿನ ಮುಚ್ಚಳ ಮತ್ತು ಮೈ ಕೂಡುವಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಜೋಡಿಸುವಾಗ ಅದೇ ದಾರಿ ತೋರಿಸುತ್ತದೆ. ಉದ್ದದ ಎರಡು ಬೋಲ್ಟು ಬಿಚ್ಚಿದರೆ ಮುಚ್ಚಳ ಬರುತ್ತದೆ. ಒಳಗೆಲ್ಲ ಕಪ್ಪು ಕಾರ್ಬನ್ ಪುಡಿ ಇರುತ್ತದೆ. ಬಾಯಿಂದ ಊದಬೇಡಿ, ಮಾಸ್ಕ್ ಹಾಕಿ ಒಣ ಬ್ರಷ್ಷಿನಿಂದ ಗುಡಿಸಿ. ಪುಡಿ ಒಣಗಿರದೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಸೋರಿ ಒಳಗಿಳಿದಿದೆ. ಸೋರಿಕೆ ನಿಲ್ಲಿಸದೆ ಹೊಸ ಬ್ರಷ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಕಾರ್ಬನ್ ಬ್ರಷ್ಷುಗಳು ಸಾಮಾನ್ಯವಾಗಿ ನಾಲ್ಕು. ಹೊಸದರ ಅರ್ಧಕ್ಕಿಂತ ಗಿಡ್ಡವಾಗಿದ್ದರೆ ನಾಲ್ಕನ್ನೂ ಬದಲಿಸಿ. ಬ್ರಷ್ ಗಿಡ್ಡವಾದಂತೆ ಹಿಂದಿನ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ, ಅದು ಕಮ್ಯುಟೇಟರಿಗೆ ಸರಿಯಾಗಿ ತಾಗುವುದಿಲ್ಲ. ಸತ್ತ ಸ್ಟಾರ್ಟರಿಗೆ ಸ್ಪ್ಯಾನರಿನಿಂದ ಮೆಲ್ಲನೆ ತಟ್ಟಿದರೆ ಒಮ್ಮೆ ಎದ್ದುಬಿಡುತ್ತದಲ್ಲ, ಅದರ ಗುಟ್ಟು ಇದೇ. ಸಿಕ್ಕಿಕೊಂಡ ಬ್ರಷ್ ಆ ಅದುರಿಗೆ ಜಾರಿ ಮುಂದೆ ಬರುತ್ತದೆ. ತಟ್ಟಿ ಸ್ಟಾರ್ಟ್ ಮಾಡಿದ ಕಾರನ್ನು ಅಂದೇ ರಿಪೇರಿಗೆ ಹಾಕಬೇಕು. ಬ್ರಷ್ಷಿನ ತಂತಿಗಳು ಬೆಸುಗೆಯಾಗಿರುವುದರಿಂದ, ಸಿಕ್ಕರೆ ಬ್ರಷ್ ಪ್ಲೇಟನ್ನೇ ಪೂರ್ತಿ ತನ್ನಿ, ಬೆಸುಗೆಯ ತಲೆನೋವಿಲ್ಲ. ಸ್ಟಾರ್ಟರಿನ ಮೇಲಿನ ಪಾರ್ಟ್ ನಂಬರನ್ನು ಬರೆದುಕೊಂಡು ಹಳೆಯ ಬ್ರಷ್ಷನ್ನೂ ಅಂಗಡಿಗೆ ಒಯ್ಯಿರಿ. ಒಂದೇ ಮಾಡೆಲ್ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಲ್ಯೂಕಾಸ್ ಟಿವಿಎಸ್, ಡೆನ್ಸೊ, ಬಾಷ್ ಹೀಗೆ ಬೇರೆ ಬೇರೆ ಸ್ಟಾರ್ಟರ್ ಬಂದಿರಬಹುದು. ಬರೀ ಕಾರಿನ ಹೆಸರು ಹೇಳಿದರೆ ಸಾಲದು.

ಕಮ್ಯುಟೇಟರ್ ಎಂದರೆ ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಸುತ್ತ ಜೋಡಿಸಿದ ಭಾಗ. ಕಪ್ಪಾಗಿದ್ದರೆ 400ರ ನಯವಾದ ಉಪ್ಪುಕಾಗದವನ್ನು ಸುತ್ತ ಹಿಡಿದು ತಿರುಗಿಸುತ್ತ ಹೊಳಪು ಬರಿಸಿ. ಎಮರಿ ಪೇಪರ್ ಬೇಡ, ಅದರ ಗಟ್ಟಿ ಕಣಗಳು ತಾಮ್ರದಲ್ಲಿ ಹೂತು ಹೊಸ ಬ್ರಷ್ಷನ್ನು ತಿನ್ನುತ್ತವೆ. ಪಟ್ಟಿಗಳ ನಡುವಿನ ಸಂದಿಯ ಕಾರ್ಬನ್ನನ್ನು ಮೊನಚಾದ ಕಡ್ಡಿಯಿಂದ ತೆಗೆಯಿರಿ. ಈಗ ಮೀಟರನ್ನು ಬೀಪ್ ಪರೀಕ್ಷೆಗೆ ಇಡಿ. ಪಕ್ಕಪಕ್ಕದ ಪಟ್ಟಿಗಳ ನಡುವೆ ಬೀಪ್ ಬರಬೇಕು. ಪಟ್ಟಿಗೂ ನಡುವಿನ ಶಾಫ್ಟಿಗೂ ಬರಬಾರದು. ಬಂದರೆ ಆರ್ಮೇಚರ್ ಶಾರ್ಟ್ ಆಗಿದೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಬೆಂಡಿಕ್ಸನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆಗೆ ನಯವಾಗಿ ಸುತ್ತಬೇಕು, ಇನ್ನೊಂದು ಕಡೆಗೆ ಗಟ್ಟಿಯಾಗಿ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಬದಲಿಸಿ. ಅದನ್ನು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿ ತೊಳೆಯಬಾರದು. ಕಾರ್ಖಾನೆಯಲ್ಲಿ ತುಂಬಿದ ಗ್ರೀಸು ಕರಗಿಹೋಗಿ ಕ್ಲಚ್ ಕೆಲವೇ ದಿನದಲ್ಲಿ ಸವೆಯುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಶಾಫ್ಟಿನ ಸುರುಳಿಯಾಕಾರದ ತೋಡುಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಪಿನಿಯನ್ ಹಲ್ಲಿಗೆ ಹಚ್ಚಬೇಡಿ. ಕ್ಲಚ್ ಪ್ಲೇಟಿನ ಧೂಳು ಅಲ್ಲಿ ಅಂಟಿ ಗಾರೆಯಾಗುತ್ತದೆ. ಎರಡೂ ತುದಿಯ ಬುಷ್‌ಗಳಲ್ಲಿ ಶಾಫ್ಟ್ ಅಲ್ಲಾಡುತ್ತಿದ್ದರೆ ಬುಷ್ ಬದಲಿಸಬೇಕು. ಅದು ಸವೆದಾಗ ಆರ್ಮೇಚರ್ ಪಕ್ಕದ ಅಯಸ್ಕಾಂತಕ್ಕೆ ಉಜ್ಜುತ್ತದೆ, ಎಂಜಿನ್ ಬಿಸಿಯಾದಾಗ ಮಾತ್ರ ಸೆಲ್ಫ್ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಸೊಲೆನಾಯ್ಡಿನಲ್ಲಿ ಎರಡು ಬಗೆ. ಹಿಂದಿನ ಮುಚ್ಚಳ ಸ್ಕ್ರೂ ಹಾಕಿದ್ದಾಗಿದ್ದರೆ ತೆಗೆದು ನೋಡಿ. ತಾಮ್ರದ ಕಾಂಟ್ಯಾಕ್ಟಿನ ಅಂಚು ಅರ್ಧಚಂದ್ರದ ಹಾಗೆ ತಿಂದುಹೋಗಿ, ಮೇಲೆಲ್ಲ ಕರಿ ಚುಕ್ಕೆ, ಕರಗಿ ಗಟ್ಟಿಯಾದ ತಾಮ್ರದ ಮಣಿ ಕಾಣಿಸಿದರೆ, ಹತ್ತು ಸಲ ಕೀಲಿ ತಿರುಗಿಸಿದಾಗ ಒಮ್ಮೆ ಮಾತ್ರ ಸ್ಟಾರ್ಟ್ ಆಗುತ್ತಿದ್ದುದರ ಕಾರಣ ಸಿಕ್ಕಿತು. ಕಾಂಟ್ಯಾಕ್ಟುಗಳ ಜೋಡಿ ಪ್ರತ್ಯೇಕವಾಗಿ ಸಿಗುತ್ತದೆ. ಮುಚ್ಚಳ ತಗಡು ಮಡಚಿ ಮುಚ್ಚಿದ್ದಾದರೆ ಬಿಡಿಸುವ ಸಾಹಸ ಬೇಡ, ಸೊಲೆನಾಯ್ಡನ್ನೇ ಬದಲಿಸಿ.

ಮರುಜೋಡಣೆ, ಮತ್ತು ಜನ ಎಡವುವ ಕಡೆ

ಬ್ರಷ್ಷುಗಳನ್ನು ಹಿಂದಕ್ಕೆ ಹಿಡಿದು ಕಮ್ಯುಟೇಟರ್ ಒಳಗೆ ಕೂರಿಸುವುದೇ ಕಷ್ಟದ ಹಂತ. ಸ್ಪ್ರಿಂಗನ್ನು ಬ್ರಷ್ಷಿನ ಪಕ್ಕಕ್ಕೆ ಒರಗಿಸಿ ತಾತ್ಕಾಲಿಕವಾಗಿ ನಿಲ್ಲಿಸಿ, ಕಮ್ಯುಟೇಟರ್ ಕೂತ ಮೇಲೆ ಸ್ಪ್ರಿಂಗನ್ನು ಸ್ವಸ್ಥಾನಕ್ಕೆ ಎತ್ತಿಡಿ. ಅಯಸ್ಕಾಂತ ಆರ್ಮೇಚರನ್ನು ಸರಕ್ಕನೆ ಸೆಳೆದುಕೊಳ್ಳುತ್ತದೆ. ಬೆರಳು ಸಿಕ್ಕದಂತೆ ನೋಡಿಕೊಳ್ಳಿ. ಎಳೆದ ಗೆರೆಗೆ ಗೆರೆ ಕೂಡಿಸಿ ಮುಚ್ಚಿ, ಕಾರಿಗೆ ಹಾಕುವ ಮೊದಲು ಮೇಜಿನ ಪರೀಕ್ಷೆ ಮತ್ತೊಮ್ಮೆ ಮಾಡಿ.

ಸ್ಟಾರ್ಟರ್ ಕೂರುವ ಗೇರ್‌ಬಾಕ್ಸಿನ ಮುಖವನ್ನು ಉಜ್ಜಿ ಶುಚಿಮಾಡಿ. ಮೋಟಾರಿನ ಮೈನಸ್ ದಾರಿಯೇ ಅದು. ಅಲ್ಲಿ ಪೇಂಟು ಬಳಿಯುವುದು ಚೆಂದಕ್ಕೆ ಮಾಡುವ ತಪ್ಪು. ಮೊದಲು ಅಲ್ಲಿ ಶಿಮ್ ತಗಡು ಇದ್ದಿದ್ದರೆ ಅದನ್ನು ಮರೆಯದೆ ಹಾಕಿ, ಇಲ್ಲವಾದರೆ ಹಲ್ಲುಗಳು ಸರಿಯಾದ ಆಳಕ್ಕೆ ಕೂಡುವುದಿಲ್ಲ.

ರಿಲೇ ಬಿಟ್ಟು ಸ್ಕ್ರೂಡ್ರೈವರಿನಿಂದ 30-50 ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಚಾಳಿ ನಮ್ಮಲ್ಲಿ ಬಹಳ. ಗೇರಿನಲ್ಲಿದ್ದ ಕಾರು ಹಾಗೆ ಮೈಮೇಲೆ ಹರಿದರೆ ಬ್ರೇಕ್ ತುಳಿಯಲು ಒಳಗೆ ಯಾರೂ ಇರುವುದಿಲ್ಲ. ದಯವಿಟ್ಟು ಬೇಡ. ಹೊತ್ತಿಕೊಳ್ಳದ ಎಂಜಿನ್ನಿಗೆ ನಿಮಿಷಗಟ್ಟಲೆ ಸೆಲ್ಫ್ ಹೊಡೆಯುವುದೂ ಅಷ್ಟೇ ಕೆಟ್ಟದ್ದು. ಸ್ಟಾರ್ಟರ್ ಕೆಲವು ಸೆಕೆಂಡಿನ ಕೆಲಸಕ್ಕೆಂದೇ ಮಾಡಿದ್ದು, ಅದಕ್ಕೆ ತಂಪಾಗುವ ವ್ಯವಸ್ಥೆಯೇ ಇಲ್ಲ. ಹತ್ತು ಸೆಕೆಂಡಿಗೆ ನಿಲ್ಲಿಸಿ.

ತಳ್ಳಿ ಸ್ಟಾರ್ಟ್ ಮಾಡಲೇಬೇಕಾದರೆ ಮ್ಯಾನ್ಯುವಲ್ ಗೇರಿನ ಕಾರಿಗೆ ಮಾತ್ರ. ಕೀಲಿ ಆನ್ ಇರಲಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದು, ಕಾರು ಓಟ ಹಿಡಿದ ಮೇಲೆ ಬಿಡಿ. ಎಂಜಿನ್ ಹೊತ್ತುವವರೆಗೆ ಬ್ರೇಕೂ ಸ್ಟೀರಿಂಗೂ ಗಡುಸಾಗಿರುತ್ತವೆ, ಆದ್ದರಿಂದ ಇಳಿಜಾರಿನಲ್ಲಿ ಈ ಪ್ರಯೋಗ ಮಾಡಬೇಡಿ.

ಆರ್ಮೇಚರ್ ಶಾರ್ಟ್, ರಿಂಗ್ ಗೇರ್ ಸವೆತ, ಬುಷ್ ಒತ್ತುವುದು, ಮ್ಯಾನಿಫೋಲ್ಡ್ ಇಳಿಸುವುದು ಇವಿಷ್ಟನ್ನು ನುರಿತ ಆಟೋ ಎಲೆಕ್ಟ್ರಿಷಿಯನ್ನಿಗೆ ಬಿಡಿ. ವಾರಂಟಿಯಲ್ಲಿರುವ ಕಾರಿನ ಸ್ಟಾರ್ಟರ್ ಬಿಚ್ಚಬೇಡಿ. ಗ್ಯಾರೇಜಿಗೆ ಹೋಗುವಾಗ "ಸೆಲ್ಫ್ ಹೋಗಿದೆ" ಎಂದಷ್ಟೇ ಹೇಳದೆ, ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಒಳ್ಳೆಯ ಕೆಲಸಗಾರ ಅದನ್ನು ನೋಡಿ ಸಂತೋಷಪಡುತ್ತಾನೆ. ಬಿಲ್ಲೂ ತಿಳಿಯಾಗಿರುತ್ತದೆ.

ಎಲ್ಲ ಮುಗಿದು ಎಂಜಿನ್ ಸಲೀಸಾಗಿ ಹೊತ್ತಿಕೊಂಡ ಮೇಲೆ ಇನ್ನೆರಡು ಅಳತೆ ಬಾಕಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಚಾರ್ಜಿಂಗ್ ಸರಿಯಾಗಿ ನಡೆಯುತ್ತಿಲ್ಲ, ವಾರದಲ್ಲಿ ಮತ್ತೆ ‘ಟಕ ಟಕ’ ಕೇಳುತ್ತೀರಿ. ಇನ್ನೊಂದು, ಸೆಲ್ಫ್ ಹೊಡೆಯುವಾಗ ಬ್ಯಾಟರಿ ಎಷ್ಟಕ್ಕೆ ಇಳಿಯುತ್ತದೆ ಎಂಬುದು. ಆ ಅಂಕಿಯನ್ನು ತಾರೀಖಿನ ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ ಅಳೆದು ಅದರ ಕೆಳಗೇ ಬರೆಯುತ್ತ ಹೋಗಿ.